ಲಾಭ ಕಂಡಿತು, ದುಡ್ಡು ಬಂತಾ?

ಪ್ರಶ್ನೆ: ಒಂದು ಕಂಪನಿಯ ವಾರ್ಷಿಕ ವರದಿ ಕಳಿಸಿದ್ದೇನೆ. ಮಾರಾಟ 200 ಕೋಟಿಯಿಂದ 260 ಕೋಟಿಗೆ ಏರಿದೆ. ನಿವ್ವಳ ಲಾಭ 30 ಕೋಟಿ. ಷೇರು ತಗೊಳ್ಳಬಹುದಾ ಸಾರ್?

ಮಾರಾಟ, ಲಾಭ, ಈ ಎರಡು ಸಾಲು ಓದಿ ವರದಿ ಮಡಚಿಡುವವರು ಜಾಸ್ತಿಯಾಗಿದ್ದಾರೆ. ಉತ್ತರ ನೀವು ಕಳಿಸಿದ ವರದಿಯಲ್ಲೇ ಇತ್ತಲ್ವಾ?

ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ-ಸಾಲಗಳ ಪಟ್ಟಿ, ತೆಗೆಯಿರಿ. ಗಿರಾಕಿಗಳಿಂದ ಬರಬೇಕಾದ ಬಾಕಿ, ಅಂದರೆ ಟ್ರೇಡ್ ರಿಸೀವಬಲ್ಸ್, 40 ಕೋಟಿಯಿಂದ 95 ಕೋಟಿಗೆ ಹೋಗಿದೆ. ಮಾರಾಟ ಹೆಚ್ಚಿದ್ದು 60 ಕೋಟಿ, ಅದೇ ವರ್ಷ ಉದ್ರಿ ಹೆಚ್ಚಿದ್ದು 55 ಕೋಟಿ! ಹಿಂದಿನ ವರ್ಷದ ಬಾಕಿ 73 ದಿನದ ಮಾರಾಟಕ್ಕೆ ಸಮ ಇತ್ತು, ಈಗ 133 ದಿನದ್ದು. ಮಾರ್ಚ್ ಕೊನೆಯ ವಾರ ಡೀಲರುಗಳ ಗೋಡೌನಿಗೆ ಮಾಲು ತುಂಬಿ ಬಿಲ್ ಹಾಕಿದರೂ ಅದು ಲೆಕ್ಕದಲ್ಲಿ ಮಾರಾಟವೇ. ಇಲ್ಲಿ ಹಾಗೇ ಆಗಿದೆ ಎನ್ನುತ್ತಿಲ್ಲ, ಅನುಮಾನವಂತೂ ಬರಬೇಕು.

ಈಗ ಕ್ಯಾಶ್ ಫ್ಲೋ ಪುಟ, ಅಂದರೆ ನಗದು ಬಂದು ಹೋದ ಲೆಕ್ಕ. ಲಾಭ 30, ಅದಕ್ಕೆ ಸವಕಳಿ 6 ಕೂಡಿಸಿ; ಯಂತ್ರಗಳ ಸವೆತ ಅಂತ ಲೆಕ್ಕದಲ್ಲಿ ಕಳೆದದ್ದು ಅಷ್ಟೇ, ದುಡ್ಡು ಹೊರಗೆ ಹೋಗಿಲ್ಲ. ಉದ್ರಿಯಲ್ಲಿ ಸಿಕ್ಕಿಕೊಂಡ 55 ಕಳೆಯಿರಿ. ಕಂಪನಿ ತಾನೇ ಸಪ್ಲೈಯರುಗಳಿಗೆ ಕೊಡದೆ ಉಳಿಸಿಕೊಂಡ 9 ಕೂಡಿಸಿ. ವ್ಯವಹಾರದಿಂದ ಬಂದ ನಗದು ಮೈನಸ್ 10 ಕೋಟಿ. ಆದರೂ ಡಿವಿಡೆಂಡ್ ಕೊಟ್ಟಿದ್ದಾರೆ. ಸಾಲದ ಸಾಲು ನೋಡಿ, ಆ ದುಡ್ಡು ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಒಂದು ವರ್ಷ ಹೀಗಾದರೆ ಕಂಪನಿ ಕೆಟ್ಟದ್ದು ಅಂತಲ್ಲ. ಐದು ವರ್ಷದ ಲಾಭ ಒಂದು ಕಡೆ, ವ್ಯವಹಾರದ ನಗದು ಇನ್ನೊಂದು ಕಡೆ ಕೂಡಿ. ನಗದು ತೀರಾ ಹಿಂದೆ ಬಿದ್ದಿದ್ದರೆ ನಾನಂತೂ ಮುಟ್ಟುವುದಿಲ್ಲ. ನಾನು ಸ್ವಲ್ಪ ಪುಕ್ಕಲನೇ ಅನ್ನಿ. ನೋಟ್ಸ್‌ನಲ್ಲಿ ಬಾಕಿಯ ವಯಸ್ಸಿನ ಪಟ್ಟಿಯೂ ಇರುತ್ತದೆ: ಆರು ತಿಂಗಳೊಳಗಿನದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು. ಅದನ್ನು ಬಿಡಬೇಡಿ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಸಾಲ ಕೊಡುವುದೇ ಅವರ ಕಸುಬು, ಅವರ ನಗದು ಮೈನಸ್ ಬಂದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಆಡಿಟರ್ ಸಹಿ ಇದೆಯಲ್ಲ, ಮತ್ತೇಕೆ ಅನುಮಾನ?

ಸತ್ಯಂ ಸಾಫ್ಟ್‌ವೇರ್ ಕಂಪನಿಯ ಹಗರಣ ಮರೆತಿರಾ? ಅದಕ್ಕೂ ದೊಡ್ಡ ಆಡಿಟರೇ ಸಹಿ ಹಾಕಿದ್ದರು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಪತ್ರ ಬರೆದಾಗ, ಪುಸ್ತಕದಲ್ಲಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಅದರ ಮೇಲೆ ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಸುಳ್ಳು. ನಗದು ರಾಶಿ ಇದೆ ಎನ್ನುವ ಕಂಪನಿಗೆ ಬಡ್ಡಿ ನಿಜವಾಗಿ ಕೈಸೇರಿದೆಯಾ ಅಂತ ಅದಕ್ಕೇ ನೋಡುವುದು.

ಪ್ರಶ್ನೆ: ಪಿಇ, ಅಂದರೆ ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಅನ್ನೋದು, ಬರೀ 8. ಅಗ್ಗ ಅಲ್ವಾ?

ಲಾಭದಲ್ಲಿ ಜಾಗ ಮಾರಿ ಬಂದದ್ದು ಸೇರಿದ್ದರೆ, ಒಂದೇ ಸಲ ಬರುವ ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿ, ಆಮೇಲೆ ಕೇಳಿ.

ಪ್ರಶ್ನೆ: ಟೆಲಿಗ್ರಾಂ ಗ್ರೂಪಿನ ‘ಗುರು’ಗಳು ಈ ಷೇರು ಡಬಲ್ ಆಗುತ್ತೆ ಅಂತಿದ್ದಾರೆ.

ಷೇರುಪೇಟೆಯ ನಿಯಂತ್ರಕ ಸೆಬಿ ಕೊಟ್ಟ ನೋಂದಣಿ ಸಂಖ್ಯೆ ಕೇಳಿ. ಗ್ರೂಪಿನಿಂದ ಅವರೇ ನಿಮ್ಮನ್ನು ತೆಗೆದುಹಾಕುತ್ತಾರೆ.