ಚರ್ಚಿಲ್ ಮನೆಯ ಸ್ಪೆನ್ಸರ್‌ಗಳು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರ: ಕಳೆದ ಸಂಚಿಕೆಯಲ್ಲಿ ಚರ್ಚಿಲ್ ಬೆಂಗಳೂರಲ್ಲಿದ್ದ ದಿನಗಳ ಲೇಖನ ಓದಿದೆ. ಅವರು ಡ್ಯೂಕ್ ಆಫ್ ಮಾರ್ಲ್‌ಬರೋ ಮೊಮ್ಮಗ ಅಂತಿದೆ, ಪಕ್ಕದ ಬಾಕ್ಸಲ್ಲಿ ಪ್ರಿನ್ಸೆಸ್ ಡಯಾನಾ ಕೂಡ ಅದೇ ವಂಶ ಅಂತಿದೆ. ಡಯಾನಾ ಸ್ಪೆನ್ಸರ್ ಅಲ್ವಾ? ಪ್ರಿಂಟ್ ಮಿಸ್ಟೇಕ್ ಇರಬೇಕು. ಡ್ಯೂಕ್ ಮೊಮ್ಮಗ ಆಗಿದ್ರೆ ಚರ್ಚಿಲ್ ಯಾಕೆ ಲಾರ್ಡ್ ಆಗ್ಲಿಲ್ಲ? ಒಂದು ವಂಶವೃಕ್ಷದ ಚಾರ್ಟ್ ಆದ್ರೂ ಹಾಕಿ. (ಓದುಗರು, ದಾವಣಗೆರೆ)

ಉತ್ತರ: ಸರ್, ಮಿಸ್ಟೇಕ್ ಅಲ್ಲ. ಬಾಕ್ಸಲ್ಲಿ ಎರಡು ಲೈನಿಗೆ ಜಾಗ ಇತ್ತು, ಅಷ್ಟರಲ್ಲಿ ಮುನ್ನೂರು ವರ್ಷದ ಕಥೆ ಹಿಡಿಸೋಕಾಗಲ್ಲ. ನಿಜ ಹೇಳ್ಬೇಕಂದ್ರೆ ವಿಷಯ ನೀವಂದ್ಕೊಂಡಿದ್ದಕ್ಕೆ ಉಲ್ಟಾನೇ ಇದೆ, ಡಯಾನಾ ಚರ್ಚಿಲ್ ಮನೆಯವಳು ಅನ್ನೋದಕ್ಕಿಂತ ವಿನ್‌ಸ್ಟನ್ ಚರ್ಚಿಲ್ಲೇ ಸ್ಪೆನ್ಸರ್ ಮನೆಯವರು. ನಾವು ಗೋತ್ರ ಹೇಳೋ ಹಾಗೆ ಅಪ್ಪ, ಅಪ್ಪನ ಅಪ್ಪ ಅಂತ ಹಿಂದಕ್ಕೆ ಹೋದ್ರೆ ಇಬ್ರೂ ಹೋಗಿ ನಿಲ್ಲೋದು ಒಬ್ಬ ಸ್ಪೆನ್ಸರ್ ಹತ್ರ. ಚರ್ಚಿಲ್ ಅನ್ನೋದು ಹೆಣ್ಣುಮಗಳ ಕಡೆಯಿಂದ ಬಂದ ಹೆಸರು.

ಮೂಲಪುರುಷ ಜಾನ್ ಚರ್ಚಿಲ್, ಹುಟ್ಟಿದ್ದು 1650ರಲ್ಲಿ. ಅವನಪ್ಪನ ಹೆಸರೂ ವಿನ್‌ಸ್ಟನ್ ಚರ್ಚಿಲ್ಲೇ (ಇದೊಂದು ಗೊಂದಲ ಮೊದಲೇ ಕ್ಲಿಯರ್ ಮಾಡ್ಕೊಳ್ಳಿ). ಆ ಹಳೇ ವಿನ್‌ಸ್ಟನ್ ಇಂಗ್ಲೆಂಡಿನ ಸಿವಿಲ್ ವಾರ್‌ನಲ್ಲಿ (ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಯುದ್ಧ) ರಾಜನ ಪರ ನಿಂತು ಕೈ ಸುಟ್ಕೊಂಡವನು, ಆ ಬೇಜಾರಿಗೆ ಮನೆತನದ ಲಾಂಛನಕ್ಕೆ 'ನಿಷ್ಠಾವಂತ, ಆದ್ರೆ ನತದೃಷ್ಟ' ಅಂತ ಸ್ಪ್ಯಾನಿಷ್‌ನಲ್ಲಿ ಬರೆಸ್ಕೊಂಡ, ಅದು ಇವತ್ತಿಗೂ ಹಾಗೇ ಇದೆ. ಮಗ ಜಾನ್ ಮಾತ್ರ ನತದೃಷ್ಟ ಅಲ್ವೇ ಅಲ್ಲ. ಸಾರಾ ಜೆನಿಂಗ್ಸ್ ಅನ್ನೋ ಗಟ್ಟಿಗಿತ್ತಿಯನ್ನ ಮದ್ವೆಯಾದ, ಆಕೆ ಆನ್ ರಾಣಿಯ ಜೀವದ ಗೆಳತಿ, 1702ರಲ್ಲಿ ಆನ್ ಪಟ್ಟಕ್ಕೆ ಬಂದ ವರ್ಷವೇ ಇವನು ಮೊದಲನೇ ಡ್ಯೂಕ್ ಆಫ್ ಮಾರ್ಲ್‌ಬರೋ (ಡ್ಯೂಕ್ ಅಂದ್ರೆ ಅಲ್ಲಿನ ಶ್ರೀಮಂತರಲ್ಲಿ ಅತಿ ದೊಡ್ಡ ಬಿರುದು). 1704ರ ಆಗಸ್ಟ್ 13ಕ್ಕೆ ಬ್ಲೆನಮ್ ಯುದ್ಧದಲ್ಲಿ ಫ್ರೆಂಚರನ್ನ ಸೋಲಿಸಿದ್ದಕ್ಕೆ ಆಕ್ಸ್‌ಫರ್ಡ್ ಹತ್ರ ವುಡ್‌ಸ್ಟಾಕ್‌ನಲ್ಲಿ ಜಮೀನು ಸಿಕ್ತು, ಅದರಲ್ಲಿ ಎದ್ದಿದ್ದೇ ಬ್ಲೆನಮ್ ಅರಮನೆ. ಆ ಜಮೀನಿಗೆ ಗೇಣಿ ಇದೆ, ಎಷ್ಟು ಗೊತ್ತಾ, ಪ್ರತಿ ವರ್ಷ ಯುದ್ಧ ಗೆದ್ದ ದಿನದೊಳಗೆ ಒಂದು ರೇಷ್ಮೆ ಬಾವುಟ ವಿಂಡ್ಸರ್ ಕೋಟೆಗೆ ತಲುಪಬೇಕು, ಅಷ್ಟೇ.

ಆದ್ರೆ ಗಂಡು ಸಂತಾನ ಉಳೀಲಿಲ್ಲ. ಒಂದು ಗಂಡು ಕೂಸಿದ್ದಾಗ್ಲೇ ಹೋಗಿತ್ತು, ಇನ್ನೊಬ್ಬ ಕೇಂಬ್ರಿಜ್‌ನಲ್ಲಿ ಓದ್ತಿದ್ದ ಮಗ 1703ರಲ್ಲಿ ಸಿಡುಬು ಬಂದು ತೀರ್ಕೊಂಡ. ಉಳಿದಿದ್ದು ನಾಲ್ಕು ಹೆಣ್ಣುಮಕ್ಕಳು. ನಮ್ಮೂರಲ್ಲಾಗಿದ್ರೆ ಯಾರೋ ದಾಯಾದಿ ಹುಡುಗನ್ನ ದತ್ತು ತಗೋತಿದ್ರು, ಅಲ್ಲಿ ಅದು ನಡೆಯಲ್ಲ. ಇಂಗ್ಲೆಂಡಲ್ಲಿ ದತ್ತಕಕ್ಕೆ ಕಾನೂನು ಬಂದಿದ್ದೇ 1926ರಲ್ಲಿ, ಇವತ್ತಿಗೂ ದತ್ತು ಮಗನಿಗೆ ಇಂಥ ಪದವಿ ಹೋಗಲ್ಲ, ರಕ್ತದ ಮಗನೇ ಆಗ್ಬೇಕು. ಮಾಮೂಲಿ ರೂಲ್ ಪ್ರಕಾರ ಡ್ಯೂಕ್ ಪದವಿ ಜಾನ್ ಜೊತೆಗೇ ಮುಗೀಬೇಕಿತ್ತು. ಅದಕ್ಕೆ 1706ರಲ್ಲಿ ಪಾರ್ಲಿಮೆಂಟ್ ಈ ಒಂದು ಮನೆಗೋಸ್ಕರ ಸ್ಪೆಷಲ್ ಕಾನೂನು ಮಾಡ್ತು, ಪದವಿ ಮೊದಲು ಹಿರೀ ಮಗಳಿಗೆ, ಅವಳ ಗಂಡುಮಕ್ಕಳಿಗೆ, ಅಲ್ಲಿ ಯಾರೂ ಇಲ್ದಿದ್ರೆ ಎರಡನೇ ಮಗಳ ಕಡೆಗೆ, ಹೀಗೆ ಸರದಿ.

1722ರಲ್ಲಿ ಜಾನ್ ಸತ್ತಾಗ ಹಿರೀ ಮಗಳು ಹೆನ್ರಿಯೆಟಾ ತನ್ನ ಹಕ್ಕಿನಲ್ಲೇ ಡಚೆಸ್, ಅಂದ್ರೆ ಹೆಣ್ಣು ಡ್ಯೂಕ್ ಆದ್ಲು. ಗಂಡ ಡ್ಯೂಕ್ ಆಗ್ಲಿಲ್ಲ, ಗಮನಿಸಿ. ಅವಳ ಒಬ್ಬನೇ ಮಗ ಅವಳಿಗಿಂತ ಮೊದಲೇ 1731ರಲ್ಲಿ ಹೋದ, 1733ರಲ್ಲಿ ಅವಳೂ ಹೋದ್ಲು. ಎರಡನೇ ಮಗಳು ಆನ್ ಅಷ್ಟೊತ್ತಿಗಾಗ್ಲೇ ತೀರ್ಕೊಂಡು ವರ್ಷಗಳೇ ಆಗಿದ್ವು, ಆದ್ರೆ ಗಂಡುಮಕ್ಕಳಿದ್ರು. ಆಕೆಯ ಗಂಡ ಚಾರ್ಲ್ಸ್ ಸ್ಪೆನ್ಸರ್, ಅರ್ಲ್ ಆಫ್ ಸಂಡರ್‌ಲ್ಯಾಂಡ್ (ಅರ್ಲ್ ಅಂದ್ರೆ ಡ್ಯೂಕ್‌ಗಿಂತ ಕೆಳಗಿನ ಬಿರುದು). ನೀವು ಕೇಳಿದ ಪ್ರಶ್ನೆಯ ಗಂಟು ಇರೋದು ಇಲ್ಲೇ. ಆನ್ ಮಗ ಚಾರ್ಲ್ಸ್ ಮೂರನೇ ಡ್ಯೂಕ್ ಆದ, ಅಜ್ಜನ ಪದವಿ ಬಂತು ಅಂತ ಅಪ್ಪನ ಕಡೆಯ ಆಲ್ಥಾರ್ಪ್ ಆಸ್ತಿ ತಮ್ಮ ಜಾನ್ ಸ್ಪೆನ್ಸರ್‌ಗೆ ಹೋಯ್ತು. ಅರ್ಲ್ ಪದವಿ ಮಾತ್ರ ಅಣ್ಣನ ಹತ್ರನೇ ಉಳೀತು, ಅಂದ್ರೆ ಅಣ್ಣನಿಗೆ ಎರಡೂ ಬಿರುದು, ತಮ್ಮನಿಗೆ ಜಮೀನು. ಅಜ್ಜಿ ಸಾರಾ ಇನ್ನೂ ಬದುಕಿದ್ಲು, ಅಣ್ಣನ ಜೊತೆ ಅವಳಿಗೆ ಆಗ್ತಿರ್ಲಿಲ್ಲ, 1744ರಲ್ಲಿ ಸಾಯೋವಾಗ ತನ್ನ ಸ್ವಂತ ಗಳಿಕೆಯ ದೊಡ್ಡ ಪಾಲು ತಮ್ಮನಿಗೇ ಬರೆದಿಟ್ಲು. ನನ್ನ ಕೇಳಿದ್ರೆ ಪಾಲಿನಲ್ಲಿ ಗೆದ್ದಿದ್ದು ತಮ್ಮನೇ.

ಅಣ್ಣನ ವಂಶದಲ್ಲಿ ವಿನ್‌ಸ್ಟನ್ ಬಂದ್ರು, ತಮ್ಮನ ವಂಶದಲ್ಲಿ ಡಯಾನಾ. ತಮ್ಮನ ಮಗ 1765ರಲ್ಲಿ ಮೊದಲನೇ ಅರ್ಲ್ ಸ್ಪೆನ್ಸರ್ ಆದ, ಡಯಾನಾ ಅಪ್ಪ ಎಂಟನೇ ಅರ್ಲ್. ತಲೆಮಾರು ಲೆಕ್ಕ ಹಾಕಿದ್ರೆ ವಿನ್‌ಸ್ಟನ್ನೂ ಡಯಾನಾ ಅಪ್ಪನೂ ಒಂದೇ ಸಾಲಿಗೆ ಬರ್ತಾರೆ, ದೂರದ ಅಣ್ಣತಮ್ಮಂದಿರು. ಅಂದ್ರೆ ವಿನ್‌ಸ್ಟನ್ ಡಯಾನಾಗೆ ದೊಡ್ಡಪ್ಪ ಆಗ್ಬೇಕು, ಏಳೆಂಟು ತಲೆ ಹಿಂದಿನ ದಾಯಾದಿ ದೊಡ್ಡಪ್ಪ.

ಅಂದಹಾಗೆ ಈ ಅಣ್ಣತಮ್ಮಂದಿರಿಗೆ ಒಬ್ಬಳು ತಂಗಿ ಇದ್ಲು, ಅವಳ ಹೆಸರೂ ಲೇಡಿ ಡಯಾನಾ ಸ್ಪೆನ್ಸರ್! ಅಜ್ಜಿ ಸಾರಾ ಅವಳನ್ನ ಆಗಿನ ಪ್ರಿನ್ಸ್ ಆಫ್ ವೇಲ್ಸ್ (ಅಂದ್ರೆ ಯುವರಾಜ) ಫ್ರೆಡ್ರಿಕ್‌ಗೆ ಕೊಟ್ಟು ಗುಟ್ಟಾಗಿ ಮದ್ವೆ ಮಾಡೋಕೆ ನೋಡಿದ್ಲು, ಒಂದು ಲಕ್ಷ ಪೌಂಡ್ ವರದಕ್ಷಿಣೆ ಮಾತಾಗಿತ್ತು, ಪ್ರಧಾನಿ ವಾಲ್‌ಪೋಲ್‌ಗೆ ಸುದ್ದಿ ಸಿಕ್ಕಿ ಕೆಡಿಸಿದ ಅಂತ ಆ ಕಾಲದವರು ಬರೆದಿಟ್ಟಿದಾರೆ. ಆ ಹುಡುಗಿ ಬೇರೆ ಮನೆ ಸೇರಿ 1735ರಲ್ಲಿ ಚಿಕ್ಕ ವಯಸ್ಸಿಗೇ ತೀರ್ಕೊಂಡ್ಲು. ಅದೇ ಹೆಸರಿನ ಇನ್ನೊಬ್ಬಳು ಸ್ಪೆನ್ಸರ್ ಮನೆ ಹುಡುಗಿ ಪ್ರಿನ್ಸ್ ಆಫ್ ವೇಲ್ಸ್ ಕೈ ಹಿಡಿಯೋಕೆ 1981 ಬರಬೇಕಾಯ್ತು.

ಡ್ಯೂಕ್‌ಗಳ ಸಾಲಿನಲ್ಲಿ ಎಲ್ರ ಬಗ್ಗೆನೂ ಬರೆಯಲ್ಲ, ಕೆಲವರು ಹುಟ್ಟಿದ್ರು, ಖರ್ಚು ಮಾಡಿದ್ರು, ಸತ್ರು ಅಷ್ಟೇ. ಐದನೆಯವನನ್ನ ಮಾತ್ರ ಬಿಡೋಕಾಗಲ್ಲ. ಪುಸ್ತಕದ ಹುಚ್ಚು ಆಸಾಮಿ. ಇನ್ನೂ ಡ್ಯೂಕ್ ಆಗಿರ್ಲಿಲ್ಲ, 1812ರಲ್ಲಿ ಲಂಡನ್ನಿನ ಒಂದು ಹರಾಜಿಗೆ ಹೋದ, 1471ರಲ್ಲಿ ವೆನಿಸ್‌ನಲ್ಲಿ ಪ್ರಿಂಟಾದ ಒಂದು ಪುಸ್ತಕಕ್ಕೆ ಕೂಗು ಏರ್ತಾ ಹೋಗಿ ಕೊನೆಗೆ ಉಳ್ಕೊಂಡಿದ್ದು ಇಬ್ರೇ, ಇವನು ಮತ್ತೆ ಇವನ ದಾಯಾದಿ ಎರಡನೇ ಅರ್ಲ್ ಸ್ಪೆನ್ಸರ್. ಅರ್ಲ್ 2,250 ಪೌಂಡ್ ಅಂದ, ಇವನು ಮೇಲೆ ಹತ್ತು ಅಂದ, ಸುತ್ತಿಗೆ ಬಿತ್ತು. ಒಂದು ಪುಸ್ತಕಕ್ಕೆ ಅಷ್ಟು ದುಡ್ಡು ಅದುವರೆಗೆ ಯಾರೂ ಕೊಟ್ಟಿರ್ಲಿಲ್ಲ. ಏಳು ವರ್ಷ ಕಳೆಯೋಷ್ಟರಲ್ಲಿ ಸಾಲಗಾರರು ಬಾಗಿಲಿಗೆ ಬಂದು 1819ರಲ್ಲಿ ಲೈಬ್ರರಿ ಹರಾಜಾಯ್ತು, ಅದೇ ಪುಸ್ತಕ ಸುಮಾರು 918 ಪೌಂಡಿಗೆ ಹೋಗಿ ಕೊನೆಗೆ ಸೇರಿದ್ದು ಅದೇ ಅರ್ಲ್ ಸ್ಪೆನ್ಸರ್ ಕಪಾಟಿಗೆ! ದಾಯಾದಿ ಅಂದ್ರೆ ಹಿಂಗಿರ್ಬೇಕು.

ಇದೇ ಐದನೆಯವನೇ 1817ರಲ್ಲಿ ರಾಜನ ಅಪ್ಪಣೆ ತಗೊಂಡು ಮನೆ ಹೆಸರನ್ನ ಸ್ಪೆನ್ಸರ್-ಚರ್ಚಿಲ್ ಅಂತ ಬದಲಾಯಿಸಿದ್ದು, ಮೂರನೆಯವನಿಂದ ಅಲ್ಲಿತನಕ ಡ್ಯೂಕ್‌ಗಳೆಲ್ಲ ಬರೀ ಸ್ಪೆನ್ಸರ್. ಯುದ್ಧ ಗೆದ್ದ ಮೂಲಪುರುಷನ ಹೆಸರು ಅಳಿದು ಹೋಗ್ಬಾರ್ದು ಅಂತ. ನಮ್ಮ ವಿನ್‌ಸ್ಟನ್ ಕೂಡ ರೆಕಾರ್ಡ್ ಪ್ರಕಾರ ಸ್ಪೆನ್ಸರ್-ಚರ್ಚಿಲ್. ಪುಸ್ತಕಗಳ ಮೇಲೆ ವಿನ್‌ಸ್ಟನ್ ಎಸ್. ಚರ್ಚಿಲ್ ಅಂತ ಇರುತ್ತಲ್ಲ, ಆ ಎಸ್ ಇದೇ. ಅಮೆರಿಕದಲ್ಲಿ ಅದೇ ಹೆಸರಿನ ಒಬ್ಬ ಕಾದಂಬರಿಕಾರ ಇದ್ದ, ಗೊಂದಲ ಬೇಡ ಅಂತ 1899ರಲ್ಲಿ ಅವನಿಗೆ ಕಾಗದ ಬರೆದು ಸ್ಪೆನ್ಸರ್ ಸೇರಿಸಿಯೇ ಸೈನ್ ಹಾಕ್ತೀನಿ ಅಂತ ಒಪ್ಕೊಂಡಿದ್ರು.

ಈಗ ಲಾರ್ಡ್ ಪ್ರಶ್ನೆ. ಅಲ್ಲಿ ಪದವಿ ಒಂದು ಕಾಲಕ್ಕೆ ಒಬ್ಬರಿಗೇ. ಹಿರಿಮಗನಿಗೆ ಮಾರ್ಕ್ವೆಸ್ ಆಫ್ ಬ್ಲ್ಯಾಂಡ್‌ಫರ್ಡ್ ಅಂತ ಕರೀತಾರೆ, ಉಳಿದ ಗಂಡುಮಕ್ಕಳಿಗೆ ಹೆಸರಿನ ಮುಂದೆ ಲಾರ್ಡ್, ಅದು ಮರ್ಯಾದೆಗೆ ಅಷ್ಟೇ, ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೀಟಿಲ್ಲ. ಅವರ ಮಕ್ಕಳಿಗೆ ಅದೂ ಇಲ್ಲ, ಬರೀ ಮಿಸ್ಟರ್. ವಿನ್‌ಸ್ಟನ್ ಅಪ್ಪ ರಾಂಡಾಲ್ಫ್ ಏಳನೇ ಡ್ಯೂಕ್‌ನ ಕಿರಿಮಗ, ಹಾಗಾಗಿ ಲಾರ್ಡ್ ರಾಂಡಾಲ್ಫ್, ಆದ್ರೂ ಕೆಳಮನೆ ಕಾಮನ್ಸ್‌ಗೆ ಎಲೆಕ್ಷನ್ ಗೆದ್ದೇ ಬಂದ, 1885ರಲ್ಲಿ ಇಂಡಿಯಾ ಖಾತೆ ಮಂತ್ರಿ ಆದ, ಬರ್ಮಾ ಬ್ರಿಟಿಷರ ಪಾಲಾಗಿದ್ದು ಅವನ ಕಾಲದಲ್ಲೇ. ಮಗ ವಿನ್‌ಸ್ಟನ್ 1874ರಲ್ಲಿ ಬ್ಲೆನಮ್ ಅರಮನೆಯಲ್ಲೇ ಹುಟ್ಟಿದ್ರೂ ಮಿಸ್ಟರ್.

ಹಾಗಂತ ಡ್ಯೂಕ್ ಆಗೋ ಚಾನ್ಸ್ ಇರ್ಲಿಲ್ಲ ಅಂತಲ್ಲ, ಕೂದಲೆಳೆಯಲ್ಲಿ ತಪ್ಪಿಹೋಯ್ತು. 1892ರಲ್ಲಿ ದೊಡ್ಡಪ್ಪ ಸತ್ತು ಅವನ ಮಗ ಒಂಬತ್ತನೇ ಡ್ಯೂಕ್ ಆದ, ಮಕ್ಕಳಿಲ್ಲ. ಮುಂದಿನ ಸರದಿ ರಾಂಡಾಲ್ಫ್, ಅವನು 1895ರ ಜನವರಿಯಲ್ಲಿ ಸತ್ತ, ಆಮೇಲೆ ಸರದಿ ವಿನ್‌ಸ್ಟನ್‌ದು. ಅದೇ ವರ್ಷ ನವೆಂಬರ್‌ನಲ್ಲಿ ಡ್ಯೂಕ್ ಅಮೆರಿಕದ ರೈಲ್ವೆ ಕುಬೇರರ ಮನೆ ಮಗಳು ಕನ್ಸುಯೆಲೊ ವ್ಯಾಂಡರ್‌ಬಿಲ್ಟ್‌ಳನ್ನ ಮದ್ವೆಯಾದ, ಅವಳ ದುಡ್ಡಿನಿಂದ ಅರಮನೆ ಸೂರು ಉಳೀತು. ಹೊಸ ಸೊಸೆ ಮನೆಗೆ ಬಂದಾಗ ಮುದುಕಿ ಡಚೆಸ್, ಅಂದ್ರೆ ವಿನ್‌ಸ್ಟನ್‌ರ ಸ್ವಂತ ಅಜ್ಜಿ, ನೀನು ಬೇಗ ಗಂಡು ಹೆರಬೇಕು, ಆ ವಿನ್‌ಸ್ಟನ್ ಡ್ಯೂಕ್ ಆಗೋದನ್ನ ನೋಡೋಕಾಗಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ಲಂತೆ, ಕನ್ಸುಯೆಲೊನೇ ಬರ್ಕೊಂಡಿದಾಳೆ.

ಅಂದ್ರೆ ನಮ್ಮ ಲೇಖನದಲ್ಲಿ ಬರೋ ಆ ಹುಡುಗ, 1896ರ ಅಕ್ಟೋಬರ್‌ನಲ್ಲಿ ಬೆಂಗಳೂರು ಕಂಟೋನ್ಮೆಂಟಿಗೆ ಬಂದಿಳಿದು ಪೋಲೋ ಆಡ್ಕೊಂಡು, ರೋಜಾ ಗಿಡ ಬೆಳೆಸ್ಕೊಂಡು, ಕ್ಲಬ್ಬಲ್ಲಿ 13 ರೂಪಾಯಿ ಬಾಕಿ ಬಿಟ್ಟು ಹೋದ ಸಬಾಲ್ಟರ್ನ್ (ಸೈನ್ಯದ ಕಿರಿಯ ಅಧಿಕಾರಿ), ಇಲ್ಲಿಗೆ ಬಂದಾಗ ಡ್ಯೂಕ್ ಪಟ್ಟಕ್ಕೆ ಮುಂದಿನ ಹೆಸರು ಅವನದೇ. 1897ರ ಸೆಪ್ಟೆಂಬರ್ 18ಕ್ಕೆ ಕನ್ಸುಯೆಲೊಗೆ ಗಂಡುಮಗು ಆಯ್ತು. ಆಗ ವಿನ್‌ಸ್ಟನ್ ಬೆಂಗಳೂರಿಂದ ರಜೆ ಹಾಕಿ ವಾಯುವ್ಯ ಗಡಿಯಲ್ಲಿ ಪಠಾಣರ ಗುಂಡಿನ ಎದುರಿಗಿದ್ರು. ಆ ಮಗು ಹುಟ್ಟದೇ ಇದ್ದು ಡ್ಯೂಕ್ ಏನಾದ್ರೂ ಬೇಗ ಹೋಗಿಬಿಟ್ಟಿದ್ರೆ ವಿನ್‌ಸ್ಟನ್ ಲಾರ್ಡ್ಸ್‌ಗೆ ಹೋಗ್ಬೇಕಿತ್ತು, ಆಗಿನ ಕಾನೂನಲ್ಲಿ ಪದವಿ ಬಿಟ್ಟುಕೊಡೋಕೂ ಆಗ್ತಿರ್ಲಿಲ್ಲ. 1940ರ ಮೇನಲ್ಲಿ ಪ್ರಧಾನಿ ಯಾರು ಅನ್ನೋವಾಗ ವಿನ್‌ಸ್ಟನ್ ಜೊತೆ ಹೆಸರು ಕೇಳಿಬಂದಿದ್ದ ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ಹಿಂದೆ ಸರಿಯೋಕೆ ಅವರು ಲಾರ್ಡ್ಸ್ ಸದಸ್ಯ ಅನ್ನೋದೂ ಒಂದು ಕಾರಣ ಅನ್ನೋದು ನೆನಪಿರ್ಲಿ. ವಿನ್‌ಸ್ಟನ್ 1953ರಲ್ಲಿ ಸರ್ ಅನ್ನೋ ಬಿರುದು ತಗೊಂಡ್ರು. 1955ರಲ್ಲಿ ರಾಣಿ ಡ್ಯೂಕ್ ಮಾಡ್ತೀನಿ ಅಂದಾಗ ಬೇಡ ಅಂದ್ರು.

ಬ್ಲೆನಮ್‌ನಲ್ಲಿ ಈಗಿರೋದು ಹನ್ನೆರಡನೇ ಡ್ಯೂಕ್, ಆಲ್ಥಾರ್ಪ್‌ನಲ್ಲಿ ಒಂಬತ್ತನೇ ಅರ್ಲ್, ಡಯಾನಾ ತಮ್ಮ. ಚಾರ್ಟ್ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಹೆಣ್ಣುಮಕ್ಕಳ ಹೆಸರು ಬಿಡಬೇಡ ಅಂತ ಆರ್ಟಿಸ್ಟ್‌ಗೆ ಹೇಳಿದೀನಿ, ಜಾನ್‌ನ ಎರಡನೇ ಮಗಳು ಆನ್ ಹೆಸರೊಂದು ಬಿಟ್ಟುಹೋದ್ರೂ ಎರಡು ಮನೆಗೆ ಗೆರೆ ಎಳೆಯೋಕೆ ಜಾಗ ಸಿಗಲ್ಲ.