ನೀರು ಬಂತು, ಹೋಗಲು ದಾರಿ ಇರಲಿಲ್ಲ

ಶಹಾಪುರದಿಂದ ಸುರಪುರದ ಕಡೆ ಹೋಗುವಾಗ ಕಾಲುವೆ ಪಕ್ಕದಲ್ಲೇ ಬೆಳ್ಳಗಾದ ಹೊಲಗಳನ್ನು ನೋಡಿದಿರಿ. ನೀರಿದ್ದೂ ಯಾಕೆ ಪಾಳು ಬಿಟ್ಟಿದ್ದಾರೆ ಎಂದು ಕೇಳಿದಿರಿ. ಯಾರೂ ಬೇಕೆಂದು ಬಿಟ್ಟಿಲ್ಲ. ಆ ಬಿಳುಪು ಉಪ್ಪು. ನಾವು ಅದಕ್ಕೆ ಸವಳು ಅನ್ನುತ್ತೇವೆ. ನಿಮ್ಮ ಕಡೆ ಚೌಳು, ಗಡಿಯಾಚೆಯ ತೆಲುಗರಿಗೆ ಚೌಡು. ನೆಲದಲ್ಲಿ ನೀರು ನಿಂತು ಬೇರು ಕೊಳೆಯುವುದು ಜವಳು. ನಮ್ಮಲ್ಲಿ ಎರಡೂ ಜೋಡಿಯಾಗೇ ಬರುತ್ತವೆ, ಅದಕ್ಕೆ ಸವಳು-ಜವಳು ಎಂದು ಒಂದೇ ಉಸಿರಿಗೆ ಹೇಳುತ್ತೇವೆ.

ಅಜ್ಜನ ಕಾಲದಲ್ಲಿ ಊರಲ್ಲಿ ಹಗೇವು ಇದ್ದವು. ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಬಿಡುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ನೆಲ ಅಷ್ಟು ಒಣಗಿರುತ್ತಿತ್ತು. ಕಾಲುವೆ ಬಂದ ಕೆಲವು ವರ್ಷಕ್ಕೆ ನಮ್ಮ ಹಗೇವಿನ ತಳದಲ್ಲಿ ನೀರು ಜಿನುಗಿ ಜೋಳವೆಲ್ಲ ಕಪ್ಪಾಯಿತು. ಅಜ್ಜ ಅದನ್ನು ಮಣ್ಣು ಹಾಕಿ ಮುಚ್ಚಿಸಿದ. ಈಗ ತಗ್ಗಿನ ಕಡೆ ಹೆಣ ಹೂಳಲು ಕುಣಿ ತೋಡಿದರೂ ನೀರು ಬರುತ್ತದೆ. ಮಣ್ಣಿಗೆ ಬಂದವರು ಬಕೆಟ್‌ನಿಂದ ನೀರೆತ್ತಿ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಹಾಗಂತ ನಾನು ಕಾಲುವೆಯನ್ನು ದೂರುವವನಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಬರುವ ಮುಂಚೆ ಮಳೆ ಕೈಕೊಟ್ಟರೆ ಮುಂಬೈ, ಪುಣೆಗೆ ಗಂಟು ಕಟ್ಟುವುದೇ ಗತಿ. ಆದರೆ ಈ ನೀರು ಹತ್ತಿ, ಶೇಂಗಾ, ಜೋಳದಂಥ ಬೆಳೆಗಳಿಗೆಂದು ಲೆಕ್ಕ ಹಾಕಿದ್ದು. ನಾವು ಭತ್ತ ಹಾಕಿದೆವು. ಆಂಧ್ರದ ಕಡೆಯಿಂದ ಬಂದು ಇಲ್ಲಿ ನೆಲೆಸಿ ಭತ್ತ ಬೆಳೆಯುವ ತೆಲುಗು ಕ್ಯಾಂಪಿನವರನ್ನಷ್ಟೇ ಬೈಯುವುದು ಸರಿಯಲ್ಲ, ದುಡ್ಡು ಕಂಡ ಮೇಲೆ ನಮ್ಮವರೂ ಅದನ್ನೇ ಮಾಡಿದರು. ನಮ್ಮ ಎರೆ ಮಣ್ಣು ಜಿಗುಟು, ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಕಾಲುವೆಯಿಂದಲೂ ನೀರು ಬಸಿಯುತ್ತದೆ. ಅದು ಹರಿದುಹೋಗಬೇಕಾದ ಹಳ್ಳಗಳಲ್ಲಿ ಹೂಳು, ಜಾಲಿ. ನೀರು ಒಳಗೇ ಏರುತ್ತಾ ಬಂತು. ಆಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ತುಂಗಭದ್ರಾ ಕಾಲುವೆ ಕಡೆಯವರು ಇದನ್ನು ನಮಗಿಂತ ಮೊದಲೇ ಅನುಭವಿಸಿದ್ದಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೇ ಕೆಲಸ ನಡೆಯುತ್ತದೆ.

ಅದೇ ದಾರಿಯಲ್ಲಿ ಒಂದು ಹೊಲದಲ್ಲಿ ಪೈಪ್ ಹೂಳುತ್ತಿದ್ದುದನ್ನೂ ನೋಡಿದಿರಲ್ಲ, ಅದು ನೀರು ಕೊಡುವ ಪೈಪ್ ಅಲ್ಲ. ನೀರು ತೆಗೆಯುವ ಪೈಪ್. ಮೈತುಂಬ ಸಣ್ಣ ತೂತುಗಳಿರುವ, ಸುಮಾರು 80 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಪೈಪ್. ಮಣ್ಣು ಕಟ್ಟಿಕೊಳ್ಳದಂತೆ ಮೇಲೆ ಬಟ್ಟೆಯಂಥ ಜಾಳಿಗೆ ಸುತ್ತಿರುತ್ತಾರೆ. ಮೂರ್ನಾಲ್ಕು ಅಡಿ ಆಳದಲ್ಲಿ, ಸ್ವಲ್ಪ ಇಳಿಜಾರು ಕೊಟ್ಟು, ಸಾಲುಸಾಲಾಗಿ ಹಾಕುತ್ತಾರೆ. ಸಾಲುಗಳೆಲ್ಲ ಒಂದು ದೊಡ್ಡ ಪೈಪಿಗೆ ಸೇರಿ, ಚೇಂಬರ್ ಎನ್ನುವ ತೊಟ್ಟಿ ದಾಟಿ ಹಳ್ಳಕ್ಕೆ ಹೋಗುತ್ತವೆ. ಇಳಿಜಾರು ತಪ್ಪಿದರೆ ಎಲ್ಲ ಹಾಳು. ಆಮೇಲೆ ಬದು ಗಟ್ಟಿ ಮಾಡಿ ಮಳೆನೀರನ್ನೋ ಕಾಲುವೆ ನೀರನ್ನೋ ನಿಲ್ಲಿಸಬೇಕು. ಅದು ಉಪ್ಪನ್ನು ತೊಳೆದುಕೊಂಡು ಕೆಳಗಿಳಿದು ಪೈಪ್ ಸೇರುತ್ತದೆ. ಮಣ್ಣು ಪರೀಕ್ಷೆ ಮೊದಲು ಆಗಬೇಕು. ನಮ್ಮಲ್ಲಿ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ತೋರಿಸುವ ಇಸಿ (ವಿದ್ಯುತ್ ವಾಹಕತೆ) 4 ದಾಟಿದರೆ ಸವಳು ಎಂದು ಲೆಕ್ಕ. ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಹಾಕದೆ ನೀರು ಕೆಳಗೇ ಇಳಿಯುವುದಿಲ್ಲ. ಸುಮ್ನೆ ಪೈಪ್ ಹಾಕಿದರೆ ದುಡ್ಡು ಮಣ್ಣುಪಾಲು.

ಇದೆಲ್ಲಕ್ಕಿಂತ ಕಷ್ಟ ಇನ್ನೊಂದಿದೆ. ನಮ್ಮ ನಾಲ್ಕು ಎಕರೆಗೂ ಹಳ್ಳಕ್ಕೂ ನಡುವೆ ಇಬ್ಬರ ಹೊಲ. ಒಬ್ಬರು ನಮ್ಮೂರ ಕಾಕಾ, ಇನ್ನೊಬ್ಬರು ಕ್ಯಾಂಪಿನ ರೈತರು. "ನಿಮ್ಮ ಉಪ್ಪು ನೀರು ನಮ್ಮ ಹೊಲದಾಗ ಯಾಕ್ರಿ?" ಎಂದು ಕಾಕಾ ಎದ್ದು ಹೋದರು. ತಪ್ಪೇನಿಲ್ಲ, ಯಾರಿಗಾದರೂ ಹೆದರಿಕೆ ಆಗುತ್ತದೆ ಅಲ್ವಾ? ಎರಡು ಬೇಸಿಗೆ ಮಾತಲ್ಲೇ ಕಳೆದವು. ಕೊನೆಗೆ ಆ ಕ್ಯಾಂಪಿನವರೇ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕಾಕಾನಿಗೆ ವಿವರಿಸಿದರು. ಅವರ ಹೊಲದ ಮೂಲೆಗೂ ಚೌಡು ಹತ್ತಿತ್ತು. ಮೂವರೂ ಸೇರಿಯೇ ಪೈಪ್ ಹಾಕಿಸಿದೆವು, ಒಂದೇ ಚೇಂಬರ್, ಒಂದೇ ಬಾಯಿ. ಹೊಲದ ಗಡಿ ನೋಡಿ ನೀರು ನಿಲ್ಲುವುದಿಲ್ಲ. ಒಬ್ಬರೇ ಹಾಕಿದ್ದರೆ ಮೇಲಿನವರ ನೀರು ಬಂದು ಸೇರುತ್ತಿತ್ತು.

ಹಳ್ಳದ ಹೂಳನ್ನು ಈಗ ಪ್ರತಿ ಬೇಸಿಗೆ ನಾವೇ ಜೆಸಿಬಿ ತರಿಸಿ ತೆಗೆಸುತ್ತೇವೆ. ಪೈಪಿನ ಬಾಯಿ ಮುಚ್ಚಿದರೆ ಮತ್ತೆ ಮೊದಲಿನಂತೆಯೇ. ಕೆಳಗಿನ ಒಂದು ಎಕರೆ ಇನ್ನೂ ಬೆಳ್ಳಗಿದೆ. ಮೇಲಿನ ತುಂಡಿನಲ್ಲಿ ಹೋದ ಹಿಂಗಾರಿಗೆ ಅವ್ವನ ಮಾತಿಗೆ ಬಿಳಿಜೋಳ ಹಾಕಿದೆ. ಬಹಳ ವರ್ಷದ ಮೇಲೆ ಮನೆಯ ಜೋಳದ ರೊಟ್ಟಿ ತಿಂದೆವು, ಎತ್ತಿಗೆ ಕಣಿಕೆಯೂ ಆಯಿತು.