ಓದುಗರ ಪ್ರಶ್ನೆ: ಸೈನ್ಸೋ, ಕಾಮರ್ಸೋ?

ಪ್ರಶ್ನೆ: ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 540 ಬಂದಿದೆ, ಕನ್ನಡ ಮಾಧ್ಯಮ. ಕಾಮರ್ಸ್ ಓದಿ ಸಿಎ ಮಾಡ್ತೀನಿ ಅಂತಾನೆ. ಅವನಪ್ಪ ಮಾತ್ರ ‘ಸೈನ್ಸ್ ತಗೊಂಡ್ರೆ ಎಲ್ಲ ಬಾಗಿಲೂ ತೆರೆದಿರುತ್ತೆ’ ಎಂದು ಪಿಸಿಎಂಬಿಗೇ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಪಟ್ಟು ಹಿಡಿದಿದ್ದಾರೆ. ಅಂಕಪಟ್ಟಿ ಕಳಿಸಿದ್ದೇನೆ.
– ತಾಯಿ, ತಿಪಟೂರು

ಉತ್ತರ: ಅಂಕಪಟ್ಟಿಯನ್ನು ಬಿಡಿಸಿ ನೋಡೋಣ. ಕನ್ನಡ 120, ಇಂಗ್ಲಿಷ್ 92, ಹಿಂದಿ 95: ಮೂರು ಭಾಷೆಗಳಿಂದಲೇ 307. ಸಮಾಜ ವಿಜ್ಞಾನ 94. ಗಣಿತ 68, ವಿಜ್ಞಾನ 71. ಶೇ. 86 ಎಂದರೆ ಕೇಳಲು ಹಿತವೇ. ಆದರೆ ಪಿಸಿಎಂಬಿಗೆ ಬಂಡವಾಳವಾಗುವ ಎರಡು ವಿಷಯಗಳಲ್ಲಿ ಇರುವುದು 200ಕ್ಕೆ 139. ನೆಂಟರಿಷ್ಟರ ಮುಂದೆ ಹೇಳುವುದು ಮೊದಲ ಲೆಕ್ಕ, ಕಾಲೇಜಿನಲ್ಲಿ ಕಾಡುವುದು ಎರಡನೆಯದು.

ನಿಮ್ಮ ಯಜಮಾನರ ಮಾತು ಅರ್ಧ ನಿಜ. ಸೈನ್ಸ್ ಓದಿದವರು ಬಿ.ಕಾಂ.ಗೆ ಬರಬಹುದು, ಕಾಮರ್ಸ್ ಓದಿದವರಿಗೆ ಎಂಜಿನಿಯರಿಂಗ್ ಇಲ್ಲ. ಆದರೆ ತೆರೆದ ಬಾಗಿಲಲ್ಲೂ ಅಂಕ ಕೇಳುತ್ತಾರೆ. ಎಂಜಿನಿಯರಿಂಗ್‌ನ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕದ್ದು. ಸೈನ್ಸಿನಲ್ಲಿ ಏದುಸಿರು ಬಿಟ್ಟು ಶೇ. 55 ತಂದ ಹುಡುಗ ಆಮೇಲೆ ಬಿ.ಕಾಂ.ಗೆ ತಿರುಗಿದರೂ ಒಳ್ಳೆಯ ಕಾಲೇಜಿನ ಸೀಟು ಕಷ್ಟ. ಸಿಎ ಕೋರ್ಸಿನ ಮೊದಲ ಹಂತವಾದ ಫೌಂಡೇಷನ್‌ಗೆ ಯಾವ ಪಿಯು ಆದರೂ ಆದೀತು, ಆದರೆ ಅದರ ಮೊದಲ ಪತ್ರಿಕೆಯೇ ಅಕೌಂಟಿಂಗ್. ಕಾಮರ್ಸ್ ಮಕ್ಕಳು ಜರ್ನಲ್, ಲೆಡ್ಜರ್‌ಗಳನ್ನು ಎರಡು ವರ್ಷ ಬರೆದು ಬರೆದು ಕೈ ಪಳಗಿಸಿಕೊಂಡು ಬಂದಿರುತ್ತಾರೆ.

ಮಗನಿಗೂ ಒಂದು ಮಾತು: ಕಾಮರ್ಸ್ ಎಂದರೆ ಗಣಿತದಿಂದ ಪಾರಾದೆ ಎಂದಲ್ಲ. ಫೌಂಡೇಷನ್‌ನಲ್ಲಿ ಗಣಿತ, ಸಂಖ್ಯಾಶಾಸ್ತ್ರದ್ದೇ ಒಂದು ಪತ್ರಿಕೆ ಇದೆ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ. 50 ಬಂದರಷ್ಟೇ ಪಾಸು. ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ನೇ ತೆಗೆದುಕೊಳ್ಳಲಿ.

ಫೀಸು ಕಟ್ಟುವ ಮುನ್ನ ಪ್ರಥಮ ಪಿಯುಸಿಯ ಫಿಸಿಕ್ಸ್, ಅಕೌಂಟೆನ್ಸಿ ಪುಸ್ತಕಗಳನ್ನು ತನ್ನಿ. ಫಿಸಿಕ್ಸ್‌ನಲ್ಲಿ ಸರಳ ರೇಖೆಯ ಚಲನೆಯ ಪಾಠ, ಅಕೌಂಟೆನ್ಸಿಯಲ್ಲಿ ವ್ಯವಹಾರಗಳನ್ನು ದಾಖಲಿಸುವ ಪಾಠ. ಒಂದೊಂದಕ್ಕೆ ವಾರ ಕೊಟ್ಟು, ಪಾಠದ ಕೊನೆಯ ಲೆಕ್ಕಗಳನ್ನು ಅವನೊಬ್ಬನೇ ಮಾಡಲಿ. ಅಪ್ಪ ಪಕ್ಕದಲ್ಲಿ ಕೂರಲಿ, ಬಾಯಿ ಹಾಕುವುದು ಬೇಡ. ತಡವರಿಸಿದ್ದು ಇಂಗ್ಲಿಷಿಗೋ, ಲೆಕ್ಕಕ್ಕೋ ಎಂದು ಗುರುತು ಹಾಕಿಕೊಳ್ಳಿ. ಇಂಗ್ಲಿಷಿನ ತೊಡಕು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಲೆಕ್ಕದ ತೊಡಕು ದ್ವಿತೀಯ ಪಿಯುಸಿಗೆ ಬರುವಷ್ಟರಲ್ಲಿ ಇಮ್ಮಡಿಯಾಗಿರುತ್ತದೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಬಿ.ಎಸ್ಸಿ. ಕೃಷಿ ಓದುತ್ತಾಳಂತೆ. ಓದಿಯೂ ಮಣ್ಣಿಗೇ ಬರುವುದೇ?
– ರೈತ, ಹಾವೇರಿ

ಉತ್ತರ: ನಾಲ್ಕು ವರ್ಷದ ಪದವಿ ಇದು. ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ ಹುದ್ದೆ, ಬ್ಯಾಂಕುಗಳಲ್ಲಿ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ಬೀಜ ಕಂಪನಿಗಳ ಕೆಲಸ, ಮುಂದೆ ಎಂ.ಎಸ್ಸಿ., ಎಲ್ಲಕ್ಕೂ ದಾರಿ ಇದೆ. ಸಿಇಟಿಯಲ್ಲಿ ಜೀವಶಾಸ್ತ್ರ ಬರೆಯುವುದನ್ನು ಮರೆಯದಿರಲಿ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥದ್ದು. ಜೋಳ, ಹೆಸರು, ಅಲಸಂದೆ, ಕುಸುಬೆ ಕಾಳುಗಳನ್ನು ಬಟ್ಟಲಲ್ಲಿಟ್ಟು ಸಂಜೆ ಹೊತ್ತು ಕೇಳುತ್ತಾ ಬನ್ನಿ. ಕೃಷಿಕ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ, ಫಲಿತಾಂಶದ ಹೊತ್ತಿಗೆ ಅಲ್ಲಿ ಸಾಲು ಉದ್ದವಿರುತ್ತದೆ.